ಎಕ್ಸೆಲ್‌ನಲ್ಲಿ ಆರೋ ಕೀ ಒತ್ತಿದರೆ ಇಡೀ ಹಾಳೆಯೇ ಓಡುತ್ತದೆ, ಬೇರೆ ಶಾರ್ಟ್‌ಕಟ್‌ಗಳೂ ಕೈಕೊಟ್ಟಿವೆ. ಏನು ಮಾಡಲಿ?

ವರದಾತೀರ
ಎಲ್ಲರಿಗೂ ನಮಸ್ಕಾರ. ಹಾವೇರಿ ಕಡೆ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಸದಸ್ಯರ ಹೆಸರು, ಊರು, ಸಾಲದ ಬಾಕಿ ಎಲ್ಲ ಎಕ್ಸೆಲ್‌ನಲ್ಲಿ, ಕನ್ನಡದಲ್ಲೇ. ಟೈಪ್ ಮಾಡುವುದು ನುಡಿ ಎಂಬ ಕನ್ನಡ ಸಾಫ್ಟ್‌ವೇರ್‌ನಲ್ಲಿ. ಹೊಸ ಲ್ಯಾಪ್‌ಟಾಪ್ ಬಂದ ಮೇಲೆ ಶಾರ್ಟ್‌ಕಟ್‌ಗಳು ಒಂದೊಂದಾಗಿ ಕೈಕೊಡುತ್ತಿವೆ.

ಕೆಳಗಿನ ಆರೋ ಕೀ ಒತ್ತಿದರೆ ಸೆಲ್ ಕೆಳಗೆ ಇಳಿಯುವುದಿಲ್ಲ, ಇಡೀ ಹಾಳೆ ಮೇಲಕ್ಕೆ ಜರುಗುತ್ತದೆ. ಹಸಿರು ಚೌಕ ಮೊದಲಿನ ಸೆಲ್‌ನಲ್ಲೇ ಕೂತಿರುತ್ತದೆ, ಸ್ವಲ್ಪ ಹೊತ್ತಿಗೆ ಕಣ್ಣಿಗೂ ಕಾಣುವುದಿಲ್ಲ. ಎಫ್2 ಒತ್ತಿ ಸೆಲ್ ತಿದ್ದೋಣ ಅಂದರೆ ಸ್ಕ್ರೀನ್ ಮಂಕಾಗುತ್ತದೆ. ಕಂಟ್ರೋಲ್ + ಶಿಫ್ಟ್ + ಆರೋ ಒತ್ತಿ ಇಡೀ ಕಾಲಂ ಸೆಲೆಕ್ಟ್ ಮಾಡುತ್ತಿದ್ದೆ. ಈಗ ನಡುನಡುವೆ ಕೀಬೋರ್ಡಿನ ಭಾಷೆಯೇ ಬದಲಾಗಿ ಏನೇನೋ ಅಕ್ಷರ ಬೀಳುತ್ತವೆ.

ಕಂಪ್ಯೂಟರ್ ಅಂಗಡಿಯವರು ವಿಂಡೋಸ್ ತೆಗೆದು ಹೊಸದಾಗಿ ಹಾಕಬೇಕು ಎನ್ನುತ್ತಾರೆ. ಮಾರ್ಚ್ ಲೆಕ್ಕ ತಲೆ ಮೇಲೆ ಕೂತಿದೆ, ಈಗ ಅದಕ್ಕೆಲ್ಲ ಕೈ ಹಾಕಲು ಧೈರ್ಯ ಬರುತ್ತಿಲ್ಲ. ಯಾರಿಗಾದರೂ ಹೀಗೆ ಆಗಿದೆಯಾ?

ಕಟ್ಟೆಪುರಾಣ
ರೀಸ್ಟಾರ್ಟ್ ಮಾಡಿದ್ರಾ?

ವರದಾತೀರ
ಮಾಡಿದೆ ಸರ್. ಎಫ್2 ಮೊದಲಿನ ಹಾಗೇ ಇದೆ. ಆರೋ ಕೀ ಸರಿಯಾಯಿತು ಅಂದುಕೊಂಡೆ, ಆಫೀಸಿಗೆ ಹೋಗಿ ಕೆಲಸ ಶುರು ಮಾಡಿದ ಮೇಲೆ ಮತ್ತೆ ಅದೇ ಕಥೆ.

ಸಿಂಪಲ್ ಸುಬ್ಬ
ಕೀಬೋರ್ಡ್ ಹೋಗಿದೆ. ಚಹಾ ಗಿಹಾ ಚೆಲ್ಲಿದ್ರಾ? ಬೇರೆ ಯುಎಸ್‌ಬಿ ಕೀಬೋರ್ಡ್ ಚುಚ್ಚಿ ನೋಡಿ.

ತಾಳೆಪಟ್ಟಿ
ಸುಬ್ಬಣ್ಣ, ಕೀ ಹೋಗಿದ್ದರೆ ಹಾಳೆ ಹೇಗೆ ಜರುಗೀತು? ಅದು ಸ್ಕ್ರಾಲ್ ಲಾಕ್ ಕಣ್ರೀ.

ವರದಾತೀರ ಅವರೇ, ಎಕ್ಸೆಲ್‌ನ ತೀರಾ ಕೆಳಗಿನ ಪಟ್ಟಿ ನೋಡಿ, ಎಡಗಡೆ 'ರೆಡಿ' ಎಂದು ಇರುತ್ತದಲ್ಲ, ಆ ಸಾಲು. ಅಲ್ಲಿ 'ಸ್ಕ್ರಾಲ್ ಲಾಕ್' ಎಂದು ಕಾಣುತ್ತಿದೆಯಾ? ಕಾಣದಿದ್ದರೆ ಆ ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ. ಉದ್ದ ಮೆನು ಬರುತ್ತದೆ. ಅದರಲ್ಲಿ ಸ್ಕ್ರಾಲ್ ಲಾಕ್ ಆನ್ ಇದೆಯೋ ಆಫ್ ಇದೆಯೋ ಬರೆದಿರುತ್ತದೆ.

ಈ ಕೀ 1981ರ ಐಬಿಎಂ ಪಿಸಿ ಕೀಬೋರ್ಡಿನಲ್ಲೇ ಇತ್ತು. ಈಗ ಅದಕ್ಕೆ ಕಿಮ್ಮತ್ತು ಕೊಡುವ ಪ್ರೋಗ್ರಾಂಗಳೇ ಕಡಿಮೆ, ಆದರೆ ಎಕ್ಸೆಲ್ ಇವತ್ತಿಗೂ ಕೊಡುತ್ತದೆ. ಸ್ಕ್ರಾಲ್ ಲಾಕ್ ಆನ್ ಇದ್ದರೆ ಆರೋ ಕೀ ಸೆಲ್ ಬದಲಿಸುವುದಿಲ್ಲ, ಹಾಳೆ ಸರಿಸುತ್ತದೆ. ಇದು ಕೆಟ್ಟದ್ದಲ್ಲ, ಹಾಗೇ ಮಾಡಿಟ್ಟಿದ್ದಾರೆ.

ನುಡಿಯಲ್ಲಿ ಕನ್ನಡ ಇಂಗ್ಲಿಷ್ ಬದಲಿಸುವುದು ಯಾವ ಕೀಯಿಂದ ಹೇಳಿ?

ಕಟ್ಟೆಪುರಾಣ
ಅಯ್ಯೋ, ಅದೇ ಸ್ಕ್ರಾಲ್ ಲಾಕ್! 😂

ವರದಾತೀರ
ಕಾಣುತ್ತಿದೆ ಮೇಡಂ. ಅಲ್ಲೇ ಬರೆದಿದೆ. ಇಷ್ಟು ದಿನ ಆ ಪಟ್ಟಿ ಕಡೆ ನೋಡೇ ಇರಲಿಲ್ಲ.

ಆದರೆ ನನ್ನ ಲ್ಯಾಪ್‌ಟಾಪಿನಲ್ಲಿ ಸ್ಕ್ರಾಲ್ ಲಾಕ್ ಕೀಯೇ ಇಲ್ಲವಲ್ಲ. ಆನ್ ಆಗಿದ್ದು ಹೇಗೆ?

ತಾಳೆಪಟ್ಟಿ
ಆಫೀಸಿನಲ್ಲಿ ಹೊರಗಿನ ಕೀಬೋರ್ಡ್ ಏನಾದರೂ ಹಾಕುತ್ತೀರಾ?

ವರದಾತೀರ
ಹೌದು, ಹಳೇ ಕಂಪ್ಯೂಟರಿನದ್ದು. ಅದರಲ್ಲೇ ನುಡಿ ಆನ್ ಮಾಡಿಕೊಂಡು ಟೈಪ್ ಮಾಡುತ್ತೇನೆ. ಸಂಜೆ ವಯರ್ ಕಿತ್ತು ಲ್ಯಾಪ್‌ಟಾಪ್ ಮಡಚಿ ಮನೆಗೆ ತರುತ್ತೇನೆ.

ತಾಳೆಪಟ್ಟಿ
ಸಿಕ್ಕಿತು ನೋಡಿ. ಆ ಕೀಬೋರ್ಡಿನಲ್ಲಿ ಆನ್ ಮಾಡಿದ್ದು ಕೀಬೋರ್ಡ್ ಜೊತೆ ಹೋಗುವುದಿಲ್ಲ, ವಿಂಡೋಸ್ ಒಳಗೆ ಉಳಿದುಬಿಡುತ್ತದೆ. ಹಳೇ ಕೀಬೋರ್ಡಿನಲ್ಲಿ ಮೂರನೇ ದೀಪವಾದರೂ ಹತ್ತುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ದೀಪವೂ ಇಲ್ಲ, ಕೀಯೂ ಇಲ್ಲ.

ಆಫ್ ಮಾಡಲು ವಿಂಡೋಸ್ ಕೀ + ಕಂಟ್ರೋಲ್ + ಓ ಒತ್ತಿ. ಸ್ಕ್ರೀನ್ ಮೇಲೆ ಕೀಬೋರ್ಡ್ ಬರುತ್ತದೆ. ಅದರ ಬಲಗಡೆ ಚಿಕ್ಕದಾಗಿ ಸ್ಕ್ರಾಲ್ ಲಾಕ್ ಇದೆ, ಮೌಸ್‌ನಿಂದ ಒತ್ತಿದರೆ ಆಯಿತು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ (Fn) ಕೀ ಜೊತೆ ಕೆ, ಕೆಲವದರಲ್ಲಿ ಸಿ, ಇನ್ನು ಕೆಲವದರಲ್ಲಿ ಎಸ್ ಒತ್ತಿದರೆ ಅದೇ ಕೆಲಸ. ಕಂಪನಿಗೊಂದು ಪದ್ಧತಿ.

ವರದಾತೀರ
ಆಯಿತು ಮೇಡಂ! ಆರೋ ಕೀ ಸರಿಹೋಯಿತು. ಆದರೆ ಈಗ ನುಡಿ ಇಂಗ್ಲಿಷಿಗೆ ಹೋಯಿತು. ಕನ್ನಡ ಮಾಡಿದರೆ ಮತ್ತೆ ಹಾಳೆ ಓಡುತ್ತದೆ. ಕನ್ನಡ ಬೇಕು ಅಂದರೆ ಆರೋ ಇಲ್ಲ, ಆರೋ ಬೇಕು ಅಂದರೆ ಕನ್ನಡ ಇಲ್ಲ!

ಡಿಟಿಪಿ ಅಣ್ಣ
ಇದು ಹಳೇ ಗೋಳು ತಮ್ಮ. ಕನ್ನಡದಲ್ಲಿ ಎಕ್ಸೆಲ್ ಮಾಡುವವರು ಆರೋ ಬಿಟ್ಟು ಟ್ಯಾಬ್ ಮತ್ತು ಎಂಟರ್‌ನಲ್ಲೇ ಓಡಾಡುತ್ತಾರೆ. ಸ್ಕ್ರಾಲ್ ಲಾಕ್ ಏನೇ ಇರಲಿ, ಟ್ಯಾಬ್ ಒತ್ತಿದರೆ ಬಲಕ್ಕೆ, ಶಿಫ್ಟ್ + ಟ್ಯಾಬ್ ಎಡಕ್ಕೆ, ಎಂಟರ್ ಕೆಳಗೆ, ಶಿಫ್ಟ್ + ಎಂಟರ್ ಮೇಲೆ. ಹೆಸರು, ಊರು, ಬಾಕಿ ಅಂತ ಅಡ್ಡಕ್ಕೆ ತುಂಬುತ್ತಾ ಹೋಗಿ. ಟ್ಯಾಬ್ ಒತ್ತಿಕೊಂಡು ಬಂದು ಸಾಲಿನ ಕೊನೆಯಲ್ಲಿ ಎಂಟರ್ ಹೊಡೆದರೆ ಮುಂದಿನ ಸಾಲಿನ ಮೊದಲ ಕಾಲಂಗೆ ತಾನೇ ಬರುತ್ತದೆ. ಆರೋಗಿಂತ ಬೇಗ ಆಗುತ್ತದೆ.

ಬೈಟು ಕಾಫಿ
ಅಥವಾ ನುಡಿ ಬಿಟ್ಟು ವಿಂಡೋಸ್‌ನಲ್ಲೇ ಇರುವ ಕನ್ನಡ ಕೀಬೋರ್ಡ್ ಹಾಕಿಕೊಳ್ಳಿ. 2019ರ ಮೇ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲಿ ಫೊನೆಟಿಕ್ ಕೂಡ ಬಂದಿದೆ. ವಿಂಡೋಸ್ ಕೀ + ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಸ್ಕ್ರಾಲ್ ಲಾಕ್ ತಂಟೆಯೇ ಇಲ್ಲ.

ಡಿಟಿಪಿ ಅಣ್ಣ
ಹೇಳುವುದು ಸುಲಭ. ನುಡಿಯಲ್ಲಿ ಕೂತ ಬೆರಳು ಬದಲಾಗಬೇಕಲ್ಲ? 'ಕನ್ನಡ' ಎಂದು ಬರೆಯಲು ನಾನು ಒತ್ತುವುದು ಕೆ, ಎನ್, ಎಫ್, ಎನ್, ಡಬ್ಲ್ಯೂ. ಒತ್ತಕ್ಷರಕ್ಕೆ ಎಫ್, ಡಕಾರಕ್ಕೆ ಡಬ್ಲ್ಯೂ. ಐದು ಕೀ, ಮುಗಿಯಿತು. ನಿಮ್ಮ ಫೊನೆಟಿಕ್‌ನಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗ್ ಬರೆದು, ಅದು ತೋರಿಸುವ ಪದಗಳಲ್ಲಿ ಒಂದನ್ನು ಆರಿಸುತ್ತಾ ಕೂತರೆ ನನ್ನ ದಿನದ ಪುಟ ಯಾರು ಮುಗಿಸುತ್ತಾರೆ? ಕೆ.ಪಿ. ರಾವ್ ಅವರು ನುಡಿಯಲ್ಲಿರುವ ಈ ಕೀಬೋರ್ಡ್ ವಿನ್ಯಾಸ ಮಾಡಿಕೊಟ್ಟಿದ್ದು ಸುಮ್ನೆ ಅಲ್ಲ.

ಬೈಟು ಕಾಫಿ
ಹಾಗಾದರೆ ಇನ್‌ಸ್ಕ್ರಿಪ್ಟ್ ಎಂಬ ಕೀಬೋರ್ಡ್ ವಿನ್ಯಾಸ ಕಲಿಯಿರಿ. ಸ್ವರ ಎಲ್ಲ ಎಡಗೈಗೆ, ವ್ಯಂಜನ ಬಲಗೈಗೆ. ಒಂದು ಸಲ ಕಲಿತರೆ ತೆಲುಗು, ಹಿಂದಿ ಎಲ್ಲಕ್ಕೂ ಅದೇ ಜಾಗ.

ಡಿಟಿಪಿ ಅಣ್ಣ
ನನಗೆ ತೆಲುಗು ಟೈಪ್ ಮಾಡುವುದು ಬೇಡ ಗುರು.

ಕಟ್ಟೆಪುರಾಣ
ಶುರುವಾಯ್ತು. ಇನ್ನು ಎರಡು ಪುಟ ಇದೇ. ಪಾಪ, ಅವರ ಎಫ್2 ಇನ್ನೂ ಹಾಗೇ ಇದೆ.

ಮಲ್ನಾಡ್ ಮಿಡಿ
ಎಫ್2 ನಾನು ಹೇಳುತ್ತೇನೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಮೇಲಿನ ಸಾಲಿಗೆ ಎರಡು ಕೆಲಸ: ಒಂದು ಎಫ್1, ಎಫ್2 ಅನ್ನೋದು, ಇನ್ನೊಂದು ಸೌಂಡ್, ಬೆಳಕು, ಏರೋಪ್ಲೇನ್ ಚಿತ್ರ. ಹೊಸದರಲ್ಲಿ ಜಾಸ್ತಿ ಎರಡನೆಯದೇ ಮೊದಲು ಬರುವ ಹಾಗೆ ಸೆಟ್ ಮಾಡಿರುತ್ತಾರೆ. ಎಫ್‌ಎನ್ + ಎಫ್2 ಒತ್ತಿ ನೋಡಿ, ಸೆಲ್ ತಿದ್ದಲು ಬರುತ್ತದೆ.

ಪ್ರತಿ ಸಲ ಎಫ್‌ಎನ್ ಹಿಡಿಯುವುದು ರಗಳೆ ಅನ್ನಿಸಿದರೆ ಎಸ್ಕೇಪ್ ಕೀ ಮೇಲೆ ಬೀಗದ ಚಿತ್ರ ಅಥವಾ 'ಎಫ್‌ಎನ್ ಲಾಕ್' ಇದೆಯಾ ನೋಡಿ. ಇದ್ದರೆ ಎಫ್‌ಎನ್ + ಎಸ್ಕೇಪ್ ಒಂದು ಸಲ ಒತ್ತಿ ಸಾಕು, ಉಲ್ಟಾ ಆಗುತ್ತದೆ. ಇಲ್ಲದಿದ್ದರೆ ಬಯೋಸ್ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್) ಒಳಗೆ 'ಆ್ಯಕ್ಷನ್ ಕೀಸ್ ಮೋಡ್' ಅಥವಾ ಅಂಥದ್ದೇ ಹೆಸರಿನ ಸೆಟ್ಟಿಂಗ್ ಇರುತ್ತದೆ, ಅದನ್ನು ಆಫ್ ಮಾಡಿ. ಫಾರ್ಮುಲಾದಲ್ಲಿ ಡಾಲರ್ ಚಿಹ್ನೆ ಹಾಕುವ ಎಫ್4 ಕೂಡ ಇದರಿಂದಲೇ ಸರಿಹೋಗುತ್ತದೆ.

ತಾಳೆಪಟ್ಟಿ
ಕಂಟ್ರೋಲ್ + ಶಿಫ್ಟ್ ವಿಷಯಕ್ಕೆ ಬರೋಣ. ವಿಂಡೋಸ್‌ನಲ್ಲಿ ಒಂದಕ್ಕಿಂತ ಜಾಸ್ತಿ ಭಾಷೆ ಇದ್ದರೆ ಬದಲಿಸಲು ಸಾಮಾನ್ಯವಾಗಿ ಎಡ ಆಲ್ಟ್ + ಶಿಫ್ಟ್. ಒಂದೇ ಭಾಷೆಯ ಎರಡು ಕೀಬೋರ್ಡ್ ಇದ್ದರೆ ಕಂಟ್ರೋಲ್ + ಶಿಫ್ಟ್. ಲ್ಯಾಪ್‌ಟಾಪ್ ಸೆಟಪ್ ಮಾಡಿದವರು ಇದನ್ನು ಅದಲು ಬದಲು ಮಾಡಿರಲೂಬಹುದು.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಕಂಟ್ರೋಲ್ + ಶಿಫ್ಟ್ ಹಿಡಿದು ಆರೋ ಒತ್ತಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಎರಡನ್ನೂ ಹಿಡಿದು, ಮನಸ್ಸು ಬದಲಿಸಿ, ಬೇರೆ ಏನೂ ಒತ್ತದೆ ಕೈ ತೆಗೆದರೆ ಆಗ ಭಾಷೆ ಬದಲಾಗುತ್ತದೆ. ಅದಕ್ಕೇ ನಿಮಗೆ 'ನಡುನಡುವೆ' ಆಗುವುದು.

ತೆಗೆಯುವ ದಾರಿ: ಸೆಟ್ಟಿಂಗ್ಸ್‌ನಲ್ಲಿ ಟೈಮ್ ಆ್ಯಂಡ್ ಲ್ಯಾಂಗ್ವೇಜ್, ಅದರೊಳಗೆ ಟೈಪಿಂಗ್, ಅದರೊಳಗೆ ಅಡ್ವಾನ್ಸ್‌ಡ್ ಕೀಬೋರ್ಡ್ ಸೆಟ್ಟಿಂಗ್ಸ್. ಕೆಳಗೆ 'ಇನ್‌ಪುಟ್ ಲ್ಯಾಂಗ್ವೇಜ್ ಹಾಟ್ ಕೀಸ್' ಎಂಬ ಲಿಂಕ್ ಇದೆ. ಒತ್ತಿದರೆ ಹಳೇ ಕಾಲದ ಪುಟ್ಟ ಕಿಟಕಿ ಬರುತ್ತದೆ. 'ಚೇಂಜ್ ಕೀ ಸೀಕ್ವೆನ್ಸ್' ಒತ್ತಿ ಎರಡೂ ಕಡೆ 'ನಾಟ್ ಅಸೈನ್‌ಡ್' ಮಾಡಿ. ಭಾಷೆ ಬದಲಿಸಲು ವಿಂಡೋಸ್ ಕೀ + ಸ್ಪೇಸ್ ಇದ್ದೇ ಇದೆ.

ವರದಾತೀರ
ಎಫ್‌ಎನ್ + ಎಸ್ಕೇಪ್ ಕೆಲಸ ಮಾಡಿತು. ಹಾಟ್ ಕೀ ಸೆಟ್ಟಿಂಗ್ ರಾತ್ರಿ ಮಾಡುತ್ತೇನೆ. ಇಬ್ಬರಿಗೂ ಧನ್ಯವಾದ.

ಸಿಂಪಲ್ ಸುಬ್ಬ
ಕೀಬೋರ್ಡ್ ಹೋಗಿರುವುದಿಲ್ಲ ಅಂತ ಏನಿಲ್ಲ ನೋಡಿ, ತಾಳೆಪಟ್ಟಿ ಮೇಡಂ. ಅಗ್ಗದ ಕೀಬೋರ್ಡ್‌ಗಳಲ್ಲಿ ಮೂರು ಕೀ ಒಟ್ಟಿಗೆ ಒತ್ತಿದರೆ ಮೂರನೆಯದು ಕೆಲವೊಮ್ಮೆ ಬರುವುದೇ ಇಲ್ಲ. ಒಳಗಿನ ವಯರಿಂಗ್ ಹಾಗಿರುತ್ತದೆ. ಬಿಡಿಬಿಡಿಯಾಗಿ ಒತ್ತಿದರೆ ಎಲ್ಲ ಕೀ ಚೆನ್ನಾಗಿರುತ್ತವೆ.

ತಾಳೆಪಟ್ಟಿ
ಅದು ನಿಜ. ಅದಕ್ಕೇ ಆ ಸ್ಕ್ರೀನ್ ಕೀಬೋರ್ಡ್ ತೆರೆದಿಟ್ಟುಕೊಂಡು ಕೈಯಿಂದ ಒತ್ತಬೇಕು. ಕಂಪ್ಯೂಟರಿಗೆ ತಲುಪಿದ ಕೀ ಅಲ್ಲಿ ಬಣ್ಣ ಬದಲಿಸುತ್ತದೆ. ಬಣ್ಣ ಬದಲಾಗದಿದ್ದರೆ ಕೀಬೋರ್ಡಿನ ತಪ್ಪು. ಬದಲಾಗಿಯೂ ಕೆಲಸ ಆಗದಿದ್ದರೆ ನಡುವೆ ಯಾರೋ ನುಂಗುತ್ತಿದ್ದಾರೆ. ನಾನು ಮೊದಲು ನೋಡುವುದು ಇದನ್ನೇ, ಆಮೇಲೆ ಉಳಿದದ್ದು.

ಗಲ್ಲಾಪೆಟ್ಟಿಗೆ
ನನ್ನದೂ ಒಂದು ಇದೆ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಎಫ್11 ಒತ್ತಿದರೆ ಕಂಪನಿಯ ಫೀಚರ್ಸ್ ಬರಬೇಕು. ಏನೂ ಬರುತ್ತಿರಲಿಲ್ಲ. ಎಫ್8 ಸೇಲ್ಸ್, ಎಫ್9 ಪರ್ಚೇಸ್ ಎಲ್ಲ ಸರಿ, ಎಫ್11 ಮಾತ್ರ ಸತ್ತಿತ್ತು. ಕೊನೆಗೆ ನೋಡಿದರೆ ಹಿಂದೆ 'ಬರಹ' ಎಂಬ ಕನ್ನಡ ಸಾಫ್ಟ್‌ವೇರ್ ತೆರೆದಿತ್ತು. ಅದರಲ್ಲಿ ಕನ್ನಡ ಇಂಗ್ಲಿಷ್ ಬದಲಿಸುವ ಕೀ ಎಫ್11. ಬರಹ ಮುಚ್ಚಿದೆ, ಎಫ್11 ಬಂತು.

ಬೈಟು ಕಾಫಿ
ಟ್ಯಾಲಿಯೂ ಬೆಂಗಳೂರಿನದ್ದೇ, ಬರಹವೂ ಕನ್ನಡದವರದ್ದೇ. ಎಫ್11ಕ್ಕೆ ಮನೆಯೊಳಗೇ ಜಗಳ.

ಗಲ್ಲಾಪೆಟ್ಟಿಗೆ
ನಗಬೇಡಿ ಸ್ವಾಮಿ, ಇನ್ನೊಂದು ಕೇಳಿ. ನಮ್ಮ ಅಂಗಡಿಯ ಇನ್ನೊಂದು ಕಂಪ್ಯೂಟರಿನಲ್ಲಿ ಕನ್ನಡ ಸಾಫ್ಟ್‌ವೇರ್ ಬೇರೆ ಎಲ್ಲ ಕಡೆ ಓಡುತ್ತದೆ, ಬಿಲ್ಲಿಂಗ್ ಪ್ರೋಗ್ರಾಂ ಒಳಗೆ ಮಾತ್ರ ಇಂಗ್ಲಿಷ್ ಅಕ್ಷರವೇ ಬೀಳುತ್ತದೆ. ಟಾಗಲ್ ಕೀ ಒತ್ತಿದರೂ ಕೇಳುವುದಿಲ್ಲ. ಇದು ಯಾಕೆ?

ಪೆಂಗ್ವಿನ್ ಪುಟ್ಟ
ಬಿಲ್ಲಿಂಗ್ ಪ್ರೋಗ್ರಾಂ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಮಾಡಿ ತೆರೆಯುತ್ತೀರಾ? ತೆರೆಯುತ್ತಿದ್ದರೆ ಅದೇ ಕಾರಣ. ವಿಸ್ಟಾ ಕಾಲದಿಂದ ವಿಂಡೋಸ್‌ನಲ್ಲಿ ಒಂದು ನಿಯಮ ಇದೆ. ಅಡ್ಮಿನ್ ಹಕ್ಕಿನಲ್ಲಿ ಓಡುವ ಪ್ರೋಗ್ರಾಂ ಕಡೆ ಹೋಗುವ ಕೀಗಳನ್ನು ಸಾಮಾನ್ಯ ಹಕ್ಕಿನ ಪ್ರೋಗ್ರಾಂ ನಡುವೆ ಹಿಡಿದು ಬದಲಿಸುವ ಹಾಗಿಲ್ಲ. ಪಾಸ್‌ವರ್ಡ್ ಕದಿಯುವ ಕಳ್ಳರಿಗಾಗಿ ಮಾಡಿದ್ದು, ನಮ್ಮ ಕನ್ನಡ ಸಾಫ್ಟ್‌ವೇರೂ ಅದರಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಎರಡನ್ನೂ ಅಡ್ಮಿನ್ ಆಗಿ ತೆರೆಯಿರಿ, ಅಥವಾ ಎರಡನ್ನೂ ಸಾಮಾನ್ಯವಾಗಿ ತೆರೆಯಿರಿ. ಎರಡನೆಯದೇ ವಾಸಿ.

ಗಲ್ಲಾಪೆಟ್ಟಿಗೆ
ಹೌದು, ಹಾಕಿಕೊಟ್ಟವರು ಹಾಗೇ ಟಿಕ್ ಮಾಡಿಟ್ಟಿದ್ದಾರೆ. ನಾಳೆ ತೆಗೆದು ನೋಡುತ್ತೇನೆ.

ಬಣ್ಣದ ತಗಡು
ಫೋಟೋಶಾಪ್ ಕಥೆ ಯಾರೂ ಹೇಳಲಿಲ್ಲ. ಮದುವೆ ಕಾರ್ಡ್, ಫ್ಲೆಕ್ಸ್ ಮಾಡುವವರಿಗೆಲ್ಲ ಗೊತ್ತು. ಕನ್ನಡದಲ್ಲಿ ಹೆಸರು ಟೈಪ್ ಮಾಡಿ ಮುಗಿಸಿ, ಮೂವ್ ಟೂಲ್‌ಗೆ ವಿ ಒತ್ತಿದರೆ ಟೂಲ್ ಬದಲಾಗುವುದಿಲ್ಲ. ಬ್ರಷ್‌ಗೆ ಬಿ ಒತ್ತಿದರೂ ಇಲ್ಲ. ಕಂಟ್ರೋಲ್ + ಝಡ್ ಮಾತ್ರ ಓಡುತ್ತದೆ. ಇದೇನು ವಿಚಿತ್ರ?

ಪೆಂಗ್ವಿನ್ ಪುಟ್ಟ
ವಿಚಿತ್ರ ಏನಿಲ್ಲ. ಕನ್ನಡ ಆನ್ ಇದ್ದಾಗ ಬರೀ ವಿ ಒತ್ತಿದರೆ ಕನ್ನಡ ಸಾಫ್ಟ್‌ವೇರ್ ಅದನ್ನು ಹಿಡಿದು 'ವ' ಮಾಡಿ ಕಳಿಸುತ್ತದೆ. ಫೋಟೋಶಾಪಿಗೆ 'ವ' ಅಂದರೆ ಯಾವ ಟೂಲ್ ಅಂತ ಗೊತ್ತಿಲ್ಲ. ಕಂಟ್ರೋಲ್ ಹಿಡಿದಿದ್ದರೆ ಅದು ಅಕ್ಷರ ಅಲ್ಲ, ಆಜ್ಞೆ. ಹಾಗಾಗಿ ಕನ್ನಡ ಸಾಫ್ಟ್‌ವೇರ್ ಕೈ ಹಾಕದೆ ದಾರಿ ಬಿಡುತ್ತದೆ. ಒಂದೇ ಅಕ್ಷರದ ಶಾರ್ಟ್‌ಕಟ್ ಇರುವ ಎಲ್ಲ ಕಡೆ ಇದೇ ಗೋಳು. ಬ್ಲೆಂಡರ್‌ನಲ್ಲೂ ಅಷ್ಟೆ, ಇಂಕ್‌ಸ್ಕೇಪ್‌ನಲ್ಲೂ ಅಷ್ಟೆ. ಟೈಪ್ ಮುಗಿದ ಕೂಡಲೇ ಇಂಗ್ಲಿಷಿಗೆ ಬನ್ನಿ, ಬೇರೆ ಉಪಾಯ ಇಲ್ಲ.

ಡಿಟಿಪಿ ಅಣ್ಣ
ಅದರ ಜೊತೆ ಕ್ಯಾಪ್ಸ್ ಲಾಕ್ ಕೂಡ ನೋಡಿಕೊಳ್ಳಿ. ಕ್ಯಾಪ್ಸ್ ಆನ್ ಇದ್ದರೆ ಫೋಟೋಶಾಪ್‌ನಲ್ಲಿ ಬ್ರಷ್‌ನ ವೃತ್ತ ಹೋಗಿ ಬರೀ ಕೂಡು ಚಿಹ್ನೆಯಂಥ ಅಡ್ಡ-ಉದ್ದ ಗೆರೆ ಬರುತ್ತದೆ. ನಮ್ಮಲ್ಲಿ ಕೆಲಸಕ್ಕೆ ಬರುವ ಪ್ರತಿ ಹೊಸ ಹುಡುಗನೂ 'ಅಣ್ಣಾ, ಬ್ರಷ್ ಸೈಜ್ ಹೆಚ್ಚಾಗ್ತಿಲ್ಲ' ಎಂದು ಒಮ್ಮೆಯಾದರೂ ಓಡಿ ಬರುತ್ತಾನೆ. ಸೈಜ್ ಹೆಚ್ಚಾಗಿರುತ್ತದೆ, ಕಾಣುವುದಿಲ್ಲ ಅಷ್ಟೆ.

ಪೆಂಗ್ವಿನ್ ಪುಟ್ಟ
ಲಿನಕ್ಸ್ ಬಳಸುವವರಿಗೂ ಎರಡು ಮಾತು. ಅಲ್ಲಿ ಕನ್ನಡ ಲೇಔಟ್ ಹಾಕಿದರೆ ಸಿ ಕೀಯಿಂದ ಪ್ರೋಗ್ರಾಂಗೆ ಹೋಗುವುದು ಕನ್ನಡ ಅಕ್ಷರವೇ. ಆಗ ಕಂಟ್ರೋಲ್ + ಸಿ ಅಂದರೆ ಏನು ಎಂದು ಪ್ರೋಗ್ರಾಂ ತಾನೇ ಊಹಿಸಬೇಕು. ಒಳ್ಳೆಯವು ಪಟ್ಟಿಯಲ್ಲಿರುವ ಇಂಗ್ಲಿಷ್ ಲೇಔಟ್ ಹುಡುಕಿ ಅರ್ಥ ಮಾಡಿಕೊಳ್ಳುತ್ತವೆ, ಕೆಲವು ಸುಮ್ಮನೆ ಕೂರುತ್ತವೆ. ಅದಕ್ಕೇ ಇಂಗ್ಲಿಷ್ ಲೇಔಟ್ ತೆಗೆಯಬೇಡಿ, ಪಟ್ಟಿಯಲ್ಲಿ ಮೊದಲನೆಯದಾಗಿ ಇಡಿ. ಐಬಸ್ ಎಂಬ, ಲಿನಕ್ಸ್‌ನಲ್ಲಿ ಬೇರೆ ಭಾಷೆ ಟೈಪ್ ಮಾಡಿಸುವ ಸಾಫ್ಟ್‌ವೇರ್ ಮೂಲಕ ಕನ್ನಡ ಹಾಕಿಕೊಂಡರೆ ಈ ತೊಂದರೆ ಕಡಿಮೆ. ಅದರಲ್ಲಿ ನುಡಿಯ ಥರದ ಕೆಜಿಪಿ ವಿನ್ಯಾಸವೂ ಸಿಗುತ್ತದೆ, ಡಿಟಿಪಿ ಅಣ್ಣನ ಎಫ್ ಒತ್ತು ಸಮೇತ.

ಆದರೆ ಐಬಸ್‌ಗೂ ತನ್ನದೇ ಚಾಳಿ ಇದೆ. ಕೋಡ್ ಬರೆಯುವ ಪ್ರೋಗ್ರಾಂ ವಿಎಸ್ ಕೋಡ್‌ನಲ್ಲಿ ಕಂಟ್ರೋಲ್ + ಚುಕ್ಕಿ ಒತ್ತಿದರೆ ಕ್ವಿಕ್ ಫಿಕ್ಸ್ ಬರಬೇಕು. ಬರುವ ಬದಲು ಅಡಿಗೆರೆ ಹಾಕಿದ ಇಂಗ್ಲಿಷ್ ಇ ಬಂದರೆ, ಅದು ಐಬಸ್‌ನ ಇಮೋಜಿ ಶಾರ್ಟ್‌ಕಟ್. ಐಬಸ್ ಸೆಟಪ್ ತೆರೆದು ಇಮೋಜಿ ಟ್ಯಾಬ್‌ನಲ್ಲಿ ಅದನ್ನು ಅಳಿಸಿ.

ಸ್ಟುಟ್‌ಗಾರ್ಟ್ ಶೆಟ್ಟಿ
ಇಲ್ಲಿ ಜರ್ಮನಿಯಲ್ಲಿ ಕನ್ನಡ ಆನ್ ಮಾಡದೆಯೇ ಇದೇ ಪಾಡು. ಜರ್ಮನ್ ಕೀಬೋರ್ಡಿನಲ್ಲಿ ವೈ ಮತ್ತು ಝಡ್ ಅದಲು ಬದಲು. ಊರಲ್ಲಿ ಕಲಿತ ಬೆರಳು ಅಂಡೂ ಅಂತ ಒತ್ತಿದರೆ ರೀಡೂ ಆಗುತ್ತದೆ. ವಿಎಸ್ ಕೋಡ್‌ನಲ್ಲಿ ಕಾಮೆಂಟ್ ಮಾಡುವ ಕಂಟ್ರೋಲ್ + ಸ್ಲ್ಯಾಶ್ ಇಲ್ಲಿ ಕಂಟ್ರೋಲ್ + ಹ್ಯಾಶ್. ಚಿಹ್ನೆ ಇರುವ ಶಾರ್ಟ್‌ಕಟ್‌ಗಳನ್ನು ನಂಬಲೇಬೇಡಿ, ದೇಶಕ್ಕೊಂದು ಜಾಗ.

ಕಟ್ಟೆಪುರಾಣ
ಶೆಟ್ರೇ, ಅಲ್ಲಿ ಕೊಚ್ಚಕ್ಕಿ ಸಿಗುತ್ತದಾ?

ಸ್ಟುಟ್‌ಗಾರ್ಟ್ ಶೆಟ್ಟಿ
ಸಿಗುತ್ತದೆ. ರೇಟ್ ಕೇಳಬೇಡಿ.

ಮಲ್ನಾಡ್ ಮಿಡಿ
ಹಿಂದೆ ಒಂದು ಆಫೀಸಿನಲ್ಲಿದ್ದಾಗ ನಡೆದದ್ದು. ಒಬ್ಬರು ವರ್ಡ್‌ನಲ್ಲಿ ಏನೋ ಒತ್ತಲು ಹೋಗಿ ಕಂಟ್ರೋಲ್ + ಆಲ್ಟ್ + ಕೆಳಗಿನ ಆರೋ ಒತ್ತಿದ್ದಾರೆ. ಸ್ಕ್ರೀನ್ ತಲೆಕೆಳಗಾಯಿತು. ಆಗಿನ ಕೆಲವು ಗ್ರಾಫಿಕ್ಸ್ ಡ್ರೈವರ್‌ಗಳಲ್ಲಿ ಅದು ಸ್ಕ್ರೀನ್ ತಿರುಗಿಸುವ ಶಾರ್ಟ್‌ಕಟ್. ಯಾರಿಗೂ ಗೊತ್ತಿಲ್ಲ. ಅವರು ಮಾನಿಟರನ್ನೇ ಉಲ್ಟಾ ನಿಲ್ಲಿಸಿ, ಹಿಂದೆ ಎರಡು ರಿಜಿಸ್ಟರ್ ಒತ್ತುಕೊಟ್ಟು, ಸಂಜೆವರೆಗೂ ಪತ್ರ ಟೈಪ್ ಮಾಡಿದರು. ಕಂಟ್ರೋಲ್ + ಆಲ್ಟ್ + ಮೇಲಿನ ಆರೋ ಒತ್ತಿದ್ದರೆ ಮುಗಿಯುತ್ತಿತ್ತು.

ಬೈಟು ಕಾಫಿ
ಮೌಸ್ ಹೇಗೆ ಓಡಿಸಿದರು ಮಾರಾಯ್ರೇ?

ಮಲ್ನಾಡ್ ಮಿಡಿ
ಮಾನಿಟರ್ ಉಲ್ಟಾ ಆದ ಮೇಲೆ ಮೌಸ್ ಸರಿಯಾಗೇ ಓಡುತ್ತದಲ್ಲ, ಯೋಚಿಸಿ ನೋಡಿ!

ಪೆಂಗ್ವಿನ್ ಪುಟ್ಟ
ಇಂಥ ಶಾರ್ಟ್‌ಕಟ್‌ಗಳು ಇಡೀ ಕಂಪ್ಯೂಟರಿಗೆ ಅನ್ವಯ, ಅದೇ ತಾಪತ್ರಯ. ವಿಂಡೋಸ್‌ನಲ್ಲಿ ಇದು ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಮೊದಲು ಹಾಕಿದವರಿಗೆ ಸೀಟು, ಆಮೇಲೆ ಕೇಳಿದ ಪ್ರೋಗ್ರಾಂಗೆ ಸಿಗುವುದಿಲ್ಲ. ಟವೆಲ್ ಯಾರದ್ದು ಎಂದು ತೋರಿಸುವ ಪಟ್ಟಿ ವಿಂಡೋಸ್‌ನಲ್ಲಿ ಇಲ್ಲ. ಗಡಿಯಾರದ ಪಕ್ಕದ ಬಾಣ ಒತ್ತಿ, ಅಲ್ಲಿ ಕೂತಿರುವ ಪ್ರೋಗ್ರಾಂಗಳನ್ನು ಒಂದೊಂದಾಗಿ ಮುಚ್ಚುತ್ತಾ ಶಾರ್ಟ್‌ಕಟ್ ಒತ್ತಿ ನೋಡಬೇಕು. ಸ್ಕ್ರೀನ್‌ಶಾಟ್ ತೆಗೆಯುವವು, ಗೇಮ್ ರೆಕಾರ್ಡರ್, ಗ್ರಾಫಿಕ್ಸ್ ಕಾರ್ಡಿನ ಸಾಫ್ಟ್‌ವೇರ್, ಇವೇ ಜಾಸ್ತಿ ಸಿಕ್ಕಿಬೀಳುವುದು.

ಅಜ್ಜಿಮನೆ
ನಮ್ಮ ಅಪ್ಪಾಜಿ ಕಂಪ್ಯೂಟರಿನಲ್ಲಿ ಶಾರ್ಟ್‌ಕಟ್ ಮಾತ್ರ ಅಲ್ಲ, ಯಾವ ಕೀಯನ್ನೂ ಬೇಗ ಒತ್ತಿದರೆ ಬರುವುದಿಲ್ಲ. ಗಟ್ಟಿಯಾಗಿ ಹಿಡಿದುಕೊಂಡರೆ ಬರುತ್ತದೆ. ಇದೂ ಇದೇ ತರಹದ್ದಾ?

ತಾಳೆಪಟ್ಟಿ
ಅದು ಫಿಲ್ಟರ್ ಕೀಸ್. ಬಲಗಡೆ ಶಿಫ್ಟ್ ಎಂಟು ಸೆಕೆಂಡ್ ಒತ್ತಿ ಹಿಡಿದರೆ ಆನ್ ಮಾಡಲಾ ಅಂತ ಕೇಳುತ್ತದೆ. ಅಪ್ಪಾಜಿ ಹೂಂ ಅಂದಿರುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ, ಕೀಬೋರ್ಡ್, ಅಲ್ಲಿ ಫಿಲ್ಟರ್ ಕೀಸ್ ಆಫ್ ಮಾಡಿ. ಪಕ್ಕದಲ್ಲೇ ಸ್ಟಿಕ್ಕಿ ಕೀಸ್ ಇರುತ್ತದೆ, ಅದನ್ನೂ ನೋಡಿ. ಶಿಫ್ಟ್ ಐದು ಸಲ ಒತ್ತಿದರೆ ಅದು ಬರುತ್ತದೆ. ಕೈ ನಡುಗುವವರಿಗೆ ಫಿಲ್ಟರ್ ಕೀಸ್ ಉಪಯೋಗಕ್ಕೂ ಬರುತ್ತದೆ, ಹಾಗಾಗಿ ಅವರನ್ನು ಒಂದು ಮಾತು ಕೇಳಿ ತೆಗೆಯಿರಿ.

ಅಜ್ಜಿಮನೆ
ಕೇಳಿದೆ. 'ಏನೋ ಬಂತು, ಓಕೆ ಒತ್ತಿದೆ' ಅಂದರು. ತೆಗೆದೆ.

ವರದಾತೀರ
ಹಾಟ್ ಕೀ ತೆಗೆದೆ, ಕಾಲಂ ಸೆಲೆಕ್ಟ್ ಮಾಡುವಾಗ ಭಾಷೆ ಬದಲಾಗುತ್ತಿಲ್ಲ. ಟ್ಯಾಬ್, ಎಂಟರ್‌ನಲ್ಲಿ ಒಂದು ಹಳ್ಳಿಯ ಪಟ್ಟಿ ಪೂರ್ತಿ ಮುಗಿಸಿದೆ. ಅಭ್ಯಾಸ ಆಗುತ್ತಿದೆ. ಆದರೂ ಹಳೇ ಸಾಲು ತಿದ್ದುವಾಗ ಬೆರಳು ಆರೋಗೇ ಹೋಗುತ್ತದೆ. ಆಗ ಕನ್ನಡ ಆಫ್ ಮಾಡಿ ಓಡಾಡುತ್ತೇನೆ. ಬಾಕಿ ಮೊತ್ತದ ಕಾಲಂಗೆ ಹೇಗೂ ಅಂಕಿ ಮಾತ್ರ, ಕನ್ನಡ ಬೇಕಿಲ್ಲ. ಹೊರಗಿನ ಕೀಬೋರ್ಡ್ ಕೀಳುವ ಮುಂಚೆ ದೀಪ ನೋಡುತ್ತೇನೆ.

ಬೈಟು ಕಾಫಿ
ಮಾರ್ಚ್ ಮುಗಿದ ಮೇಲೆ ಇನ್‌ಸ್ಕ್ರಿಪ್ಟ್ ಕಲಿಯಿರಿ.

ಡಿಟಿಪಿ ಅಣ್ಣ
ಬಿಡಲ್ಲ ನೋಡು ಇವನು.

ಮೈಸೂರು ಮ್ಯಾಕ್
ತಡವಾಗಿ ಬಂದೆ. ಮ್ಯಾಕ್‌ನಲ್ಲಿ ವಿಎಸ್ ಕೋಡ್ ಬಳಸುತ್ತೇನೆ. ಕನ್ನಡ ಕೀಬೋರ್ಡ್ ಸೇರಿಸಿದ ದಿನದಿಂದ ಕಂಟ್ರೋಲ್ + ಸ್ಪೇಸ್ ಒತ್ತಿದರೆ ಸಜೆಶನ್ ಬರುತ್ತಿಲ್ಲ. ಯಾರಾದರೂ ಹೇಳುತ್ತೀರಾ?

ಪೆಂಗ್ವಿನ್ ಪುಟ್ಟ
ಮ್ಯಾಕ್‌ನಲ್ಲಿ ಕೀಬೋರ್ಡ್ ಭಾಷೆ ಬದಲಿಸುವ ಶಾರ್ಟ್‌ಕಟ್ ಅದೇ. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್, ಕೀಬೋರ್ಡ್ ಶಾರ್ಟ್‌ಕಟ್ಸ್, ಇನ್‌ಪುಟ್ ಸೋರ್ಸಸ್. ಅಲ್ಲಿ ಎರಡೂ ಟಿಕ್ ತೆಗೆಯಿರಿ. ಕೀಬೋರ್ಡಿನ ಎಡ ಮೂಲೆಯಲ್ಲಿ ಗ್ಲೋಬ್ ಕೀ ಇದ್ದರೆ ಭಾಷೆ ಬದಲಿಸಲು ಅದನ್ನೇ ಇಟ್ಟುಕೊಳ್ಳಿ.

ಮೈಸೂರು ಮ್ಯಾಕ್
ಬಂತು! ಗ್ಲೋಬ್ ಕೀ ಒತ್ತಿದರೆ ನನಗೆ ಇಮೋಜಿ ಬರುತ್ತಿದೆಯಲ್ಲ?

ಪೆಂಗ್ವಿನ್ ಪುಟ್ಟ
ಅದೇ ಕೀಬೋರ್ಡ್ ಪುಟದಲ್ಲಿ ಮೇಲೆಯೇ 'ಪ್ರೆಸ್ ಗ್ಲೋಬ್ ಕೀ ಟು' ಎಂದಿದೆ. ಅಲ್ಲಿ 'ಚೇಂಜ್ ಇನ್‌ಪುಟ್ ಸೋರ್ಸ್' ಆರಿಸಿ.